ವರ್ಷಾ ಪತ್ತೆಯಾಗಿಲ್ಲ

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಸೋಹೇಲನ ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇರುವುದು ಒಂದೇ ಕುರ್ಚಿ. ಅದರ ಮೇಲೆ ಯಾರೂ ಆರಾಮಾಗಿ ಕುಳಿತದ್ದಿಲ್ಲ. ಪಹಣಿಗೆ ಬಂದವರಾಗಲಿ, ರೇಷನ್ ಕಾರ್ಡಿನಿಂದ ಹೆಸರು ಬಿಟ್ಟುಹೋದವರಾಗಲಿ, ಕುರ್ಚಿಯ ತುದಿ ಹಿಡಿದು ಕತ್ತು ಚಾಚಿ ಪರದೆಯನ್ನೇ ನೋಡುವವರು. ಮಂಠಾಳದ ಸುಜಾತಾ ಮಾತ್ರ ಅವತ್ತು ಬೆನ್ನು ಹಚ್ಚಿ ಕುಳಿತಿದ್ದಳು. ಯಾಕೆ ಕೂರಬಾರದು? ಹುಡುಗಿಯರ ಹಾಸ್ಟೆಲಿನಲ್ಲಿ ಸಹಾಯಕ ವಾರ್ಡನ್ ಕೆಲಸ ಅವಳಿಗೆ ಸಿಕ್ಕಂತೆಯೇ ಆಗಿತ್ತು. ಮದುವೆಯಾಗಿ ಹದಿನೆಂಟು ವರ್ಷ ಮಂದಿಯ ಹೊಲದಲ್ಲಿ ಕಳೆ ತೆಗೆದು, ತೊಗರಿ ಕೊಯ್ದು ಬೆನ್ನು ಬಾಗಿಸಿದವಳಿಗೆ ನೆರಳಿನ ಕೆಲಸ, ಕೂರಲು ಕುರ್ಚಿ, ಹುಡುಗಿಯರ ಬಾಯಲ್ಲಿ ‘ಮೇಡಂ’. ಹತ್ತನೆಯ ತರಗತಿಯಲ್ಲಿ ಫಸ್ಟ್ ಕ್ಲಾಸ್ ಬಂದಿದ್ದ ಅವಳ ಮಾರ್ಕ್ಸ್ ಕಾರ್ಡು ಇಷ್ಟು ದಿನ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು. ಈಗ ಅದಕ್ಕೂ ಗಾಳಿ ಬೆಳಕು ಕಾಣುವ ಯೋಗ ಬಂದಿತ್ತು.

ಇನ್ನು ಬೇಕಾದದ್ದು ಒಂದೇ ಕಾಗದ. ಈಕೆಯ ಮೇಲೆ ಯಾವ ಕೇಸೂ ಇಲ್ಲ ಎಂದು ಪೊಲೀಸರು ಕೊಡುವ ಪ್ರಮಾಣಪತ್ರ. ಹುಡುಗಿಯರ ನಡುವೆ ಇರುವ ಕೆಲಸ, ಆ ಕಾಗದ ಬಾರದೆ ಒಳಗೆ ಬಿಡುವುದಿಲ್ಲ ಎಂದು ಹಾಸ್ಟೆಲಿನ ದೊಡ್ಡ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಸುಜಾತಾ ನಕ್ಕಿದ್ದಳು. ತನ್ನ ಮೇಲೆ ಕೇಸೇ? ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಒಂದು ದಿನ ಕೂತವಳಲ್ಲ ಅವಳು.

ಸೋಹೇಲ ಒಂದೊಂದೇ ಖಾನೆ ತುಂಬುತ್ತ ಬಂದ. ಹೆಸರು, ಗಂಡನ ಹೆಸರು, ಊರು, ಠಾಣೆ.

“ಮೊದಲ ಬ್ಯಾರೆ ಹೆಸರು ಏನರ ಇತ್ತೇನ್ರಿ ಅಕ್ಕಾ? ಇಲ್ಲೊಂದು ಖಾನೆ ಅದರಿ.”

“ಇಲ್ಲ,” ಎಂದಳು ಸುಜಾತಾ.

ಸೋಹೇಲ ಮಾರ್ಕ್ಸ್ ಕಾರ್ಡು ಎತ್ತಿಕೊಂಡ. ಹುಬ್ಬು ಗಂಟಿಕ್ಕಿದ. “ಮತ್ತ ಇದು ಯಾರದ್ರಿ? ವರ್ಷಾ, ತಂದೆ ಬಸವಣಪ್ಪ, ಬೇಮಳಖೇಡ?”

ಆ ಸೀಮೆಯಲ್ಲಿ ಸೊಸೆ ಮನೆ ತುಂಬುವ ದಿನ ಗಂಡನ ಕಡೆಯವರು ತಾಟಿನ ತುಂಬ ಅಕ್ಕಿ ಹರವಿ, ಅದರಲ್ಲಿ ಉಂಗುರದ ತುದಿಯಿಂದ ಹುಡುಗಿಗೆ ಹೊಸ ಹೆಸರು ಬರೆಯುತ್ತಾರೆ. ಬರೆದ ಮೇಲೆ ಆ ಅಕ್ಕಿ ಅಡುಗೆಗೆ ಹೋಗುತ್ತದೆ, ಹಳೆಯ ಹೆಸರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ವರ್ಷಾ ಹಾಗೆಯೇ ಸುಜಾತಾ ಆಗಿದ್ದಳು. ಆಧಾರು, ಓಟಿನ ಚೀಟಿ, ಬ್ಯಾಂಕಿನ ಪುಸ್ತಕ ಎಲ್ಲವೂ ಆಮೇಲೆ ಆದವು, ಎಲ್ಲದರಲ್ಲೂ ಸುಜಾತಾ. ಹಾಗಾಗಿ ‘ಇಲ್ಲ’ ಎಂದದ್ದು ಸುಳ್ಳು ಹೇಳಬೇಕೆಂದಲ್ಲ. ಆ ಹೆಸರು ಅವಳಿಗೇ ತಟ್ಟನೆ ನೆನಪಾಗಿರಲಿಲ್ಲ.

ಆದರೆ ಸೋಹೇಲ ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಆ ಹೆಸರಿನ ಹಿಂದೆಯೇ ಒಂದು ಹಿತ್ತಾಳೆಯ ಕೊಡಪಾನ ಗಾಳಿಯಲ್ಲಿ ತಿರುಗುತ್ತ ಬಂತು.

“ತಮ್ಮಾ, ಅರ್ಜಿ ಇವತ್ತ ಕಳಿಸಬ್ಯಾಡ,” ಎಂದು ಎದ್ದುಬಿಟ್ಟಳು. “ಒಂದು ಕಾಗದ ಮರತು ಬಂದೇನಿ.”

ಮರೆತದ್ದು ಕಾಗದವನ್ನಲ್ಲ. ಮದುವೆಗೆ ಮುಂಚಿನ ಬೇಸಿಗೆ, ಬೇಮಳಖೇಡದ ಬೋರಿಂಗಿನ ಹತ್ತಿರ ಕೊಡಗಳ ಸಾಲು. ಕಸ್ತೂರಿಬಾಯಿ ಎಂಬ ಓಣಿಯ ಹೆಂಗಸು, ಹುಡುಗಿಯರಿಗೆಲ್ಲ ಕಾಕು ಎಂದರೆ ಚಿಕ್ಕಮ್ಮ, ವರ್ಷಾಳ ಕೊಡವನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಇಟ್ಟಳು. ಯಾಕೆಂದು ಕೇಳಿದ್ದಕ್ಕೆ ವರ್ಷಾಳ ಅಪ್ಪನ ಕುಡಿತದ ಮಾತು ತೆಗೆದಳು. ವರ್ಷಾ ಕೈಯಲ್ಲಿದ್ದ ಕೊಡಪಾನ ಬೀಸಿ ಒಗೆದಳು. ಅದು ಕಸ್ತೂರಿಬಾಯಿಯ ಹಣೆಗೆ ಬಡಿದು ರಕ್ತ ಹುಬ್ಬಿನ ಮೇಲಿಂದ ಸೀರೆಗೆ ಇಳಿಯಿತು. ಮುಂದೆ ಎರಡೂ ಕಡೆಯ ಹೆಂಗಸರು ಜುಟ್ಟು ಹಿಡಿದುಕೊಂಡರು. ಪೊಲೀಸರು ಬಂದರು, ಐದು ಮಂದಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು, ಸಂಜೆಗೆ ಸಹಿ ಮಾಡಿಸಿಕೊಂಡು ಬಿಟ್ಟರು. ಆಮೇಲೆ ಊರ ಪಂಚರು ಕೂಡಿ, ಎರಡೂ ಕಡೆಯ ಗಂಡಸರನ್ನು ಎದುರುಬದುರು ಕೂರಿಸಿ, ಚಹಾ ಕುಡಿಸಿ ರಾಜಿ ಮಾಡಿಸಿದರು. “ಮುಗೀತು, ಇನ್ನ ಆ ಮಾತು ಎತ್ತಬ್ಯಾಡ,” ಎಂದ ಅಪ್ಪ. ವರ್ಷಾ ಎತ್ತಲಿಲ್ಲ. ಎತ್ತಲು ಅವಳು ಆ ಊರಿನಲ್ಲಿ ಉಳಿಯಲೂ ಇಲ್ಲ, ಅದೇ ವರ್ಷ ಲಗ್ನವಾಯಿತು.

ಪಂಚರು ಚಹಾ ಕುಡಿದರೆ ಊರ ಜಗಳ ಮುಗಿಯಬಹುದು. ಪೊಲೀಸ್ ಕೇಸು ಚಹಾದಲ್ಲಿ ಕರಗುತ್ತದೋ ಇಲ್ಲವೋ ಎಂದು ಅವತ್ತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಮಾತ್ರ ಎಲ್ಲರೂ ತಲೆಯಾಡಿಸಿದ್ದರು.

ಮಂಠಾಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಸುಜಾತಾಳಿಗೆ ಗಾಳಿ ಸಾಲಲಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟಲು ಹಿಟ್ಟು ನಾದಿದಳು, ನೀರು ಜಾಸ್ತಿಯಾಯಿತು, ಹಿಟ್ಟು ಹಾಕಿದಳು, ಗಟ್ಟಿಯಾಯಿತು. ಮಗಳು ಹತ್ತನೆಯ ತರಗತಿಯ ಪುಸ್ತಕದಿಂದ ತಲೆ ಎತ್ತಿ, “ಯವ್ವಾ, ಮೇಡಂ ಆಗೂದಕ್ಕ ಮೊದಲೇ ತೆಲಿ ಕೆಟ್ಟದೇನು?” ಎಂದು ನಕ್ಕಳು. ಗಂಡ ಸತೀಶಕುಮಾರ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಹಳ್ಳಿಖೇಡದ ಫ್ಯಾಕ್ಟರಿಯ ಮುಂದೆ ಸಾಲಿನಲ್ಲಿ ನಿಂತಿದ್ದ, ಫೋನಿನಲ್ಲಿ ಅವನ ಮಾತಿಗಿಂತ ಹಾರ್ನ್ ಸದ್ದೇ ಹೆಚ್ಚಾಗಿ ಕೇಳಿಸಿತು. ಅವನಿಗೆ ಏನನ್ನೂ ಹೇಳದೆ ಇಟ್ಟುಬಿಟ್ಟಳು. ಅರ್ಜಿ ಕಳಿಸಿದ ಮೇಲೆ ಪೊಲೀಸರು ವರ್ಷಾಳನ್ನು ಹುಡುಕುತ್ತಾರೆ. ಅವರಿಗಿಂತ ಮೊದಲು ತಾನು ಹುಡುಕಬೇಕು. ಆ ಹೆಸರಿನ ಮೇಲೆ ಏನಾದರೂ ಉಳಿದಿದೆಯೇ ಇಲ್ಲವೇ ತಿಳಿಯಬೇಕು. ತಿಳಿಯುವ ತನಕ ನಿಂತಲ್ಲಿ ನಿಲ್ಲಲಾಗುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ.

ಮರುದಿನ ಠಾಣೆಯ ಬಾಗಿಲಿಗೆ ಹೋದಳು. ಹೊರಗೆ ಎರಡು ಸುತ್ತು ಹಾಕಿ ಕೊನೆಗೆ ಒಳಗೆ ಕಾಲಿಟ್ಟಳು. ಮೇಜಿನ ಹಿಂದೆ ಕೂತಿದ್ದ ಪೊಲೀಸಿನವನನ್ನು, ಒಬ್ಬರ ಮೇಲೆ ಹಳೆ ಕೇಸು ಇದೆಯೋ ಇಲ್ಲವೋ ತಿಳಿದುಕೊಳ್ಳುವುದು ಹೇಗೆ ಎಂದು ಕೇಳಿದಳು.

“ಯಾರ ಮ್ಯಾಲ?”

“ನನ್ನ ಪರಿಚಯದಾಕಿ ಒಬ್ಬಾಕಿರಿ.”

“ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೇಳಾಕ ಬರಂಗಿಲ್ಲಮ್ಮ. ಆಕಿನೇ ಆಧಾರ್ ಹಿಡ್ಕೊಂಡು ಬರಲಿ, ಅರ್ಜಿ ಕೊಡಲಿ, ನೋಡಿ ಹೇಳ್ತೀವಿ. ಇಲ್ಲಾಂದ್ರ ಕೋರ್ಟಿನ ವೆಬ್‌ಸೈಟ್‌ನ್ಯಾಗ ಹೆಸರು ಹಾಕಿ ನೋಡ್ರಿ, ಅದು ಯಾರಿಗಾದ್ರೂ ಕಾಣತದ.”

ಆಧಾರು ಹಿಡಿದುಕೊಂಡು ಬರಲು ವರ್ಷಾಳಿಗೆ ಆಧಾರೇ ಇರಲಿಲ್ಲ. ಸುಜಾತಾ ಮತ್ತೆ ಸೋಹೇಲನ ಕುರ್ಚಿಗೆ ಬಂದಳು. ಈ ಸಲ ತುದಿಗೇ ಕೂತಳು.

ಸೋಹೇಲ ಬುದ್ಧಿವಂತ ಹುಡುಗ, ಯಾಕೆಂದು ಕೇಳಲಿಲ್ಲ. ಜಿಲ್ಲೆ ಬೀದರ್ ಎಂದು ಹಾಕಿದ. ಕೋರ್ಟು ಬಸವಕಲ್ಯಾಣ ಎಂದು ಹಾಕಿ ಮೊದಲು ಸುಜಾತಾ ಎಂದು ಹುಡುಕಿದ. ಏನೂ ಬರಲಿಲ್ಲ. ಅವಳು ಉಸಿರು ಬಿಟ್ಟಳು, ಬಿಟ್ಟ ಉಸಿರನ್ನು ಮತ್ತೆ ಹಿಡಿದಳು. “ಹುಮನಾಬಾದ್ ಹಾಕಿ ನೋಡು ತಮ್ಮಾ, ನಮ್ಮ ತವರೂರಿಗಿ ಅದೇ ಕೋರ್ಟು. ವರ್ಷಾ ಅಂತ.” ಜಗಳ ನಡೆದ ಇಸವಿ ಹೇಳಿದಳು. ಪರದೆಯ ಮೇಲೆ ಪುಟ್ಟ ಚಕ್ರ ತಿರುಗಿತು.

ಎರಡು ಸಾಲು ಬಂದವು. ಮೊದಲನೆಯದರ ಮುಂದೆ ‘ಮುಗಿದಿದೆ’ ಎಂದಿತ್ತು. ಎರಡನೆಯದು ಅದೇ ಕೇಸಿನಿಂದ ಬೇರೆ ಮಾಡಿದ್ದು, ಒಬ್ಬಳೇ ಆರೋಪಿ. ಅದು ಇನ್ನೂ ನಡೆಯುತ್ತಿತ್ತು.

ಸೋಹೇಲ ಪರದೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡು ದನಿ ತಗ್ಗಿಸಿದ. “ಅಕ್ಕಾ, ವಾರಂಟ್ ಅದರಿ. ಜಾಮೀನು ಇಲ್ಲದ್ದು.”

ಅಂಗಡಿಯ ಹೊರಗೆ ಪೊಲೀಸ್ ಜೀಪೊಂದು ಸುಮ್ಮನೆ ಹಾದುಹೋಯಿತು. ಸುಜಾತಾ ಕುರ್ಚಿಯಲ್ಲಿಯೇ ಮುದುಡಿದಳು. ಇಷ್ಟು ವರ್ಷ ಈ ಊರಿನ ಸಂತೆ, ಬಸ್ಸು, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಸೆರಗು ಬೀಸಿಕೊಂಡು ತಿರುಗಿದವಳು, ಈಗ ಗೊತ್ತಾದ ಮೇಲೆ ನೋಡಿದರೆ, ತಲೆ ಮರೆಸಿಕೊಂಡು ತಿರುಗುತ್ತಿದ್ದಳು.

ಹುಮನಾಬಾದಿನ ಕೋರ್ಟಿಗೆ ಅವಳು ಹೋದದ್ದು ಅದರ ಮೂರನೆಯ ದಿನ. ನಕಲು ಕೊಡುವ ವಿಭಾಗ ಎಲ್ಲಿ ಎಂದು ಕೇಳಲು ಹೆದರಿ, ಬೋರ್ಡುಗಳನ್ನು ಓದುತ್ತ ವರಾಂಡದಲ್ಲಿ ಎರಡು ಸಲ ದಾರಿ ತಪ್ಪಿದಳು. ಎಲ್ಲಿ ನೋಡಿದರೂ ಖಾಕಿ. ವಾರಂಟ್ ಇದ್ದವಳು ತಾನಾಗಿಯೇ ನಡೆದು ಬಂದು ಖಾಕಿಯ ನಡುವೆ ಸಾಲಿನಲ್ಲಿ ನಿಂತರೆ ಯಾರು ಗುರುತಿಸುತ್ತಾರೆ? ಯಾರೂ ಗುರುತಿಸಲಿಲ್ಲ. ಒಬ್ಬ ಪೇದೆಯಂತೂ “ಜರಾ ಸರೀರಿ ಅಕ್ಕಾ” ಎಂದು ಮರ್ಯಾದೆಯಿಂದಲೇ ಹಾದುಹೋದ.

ಕಿಟಕಿಯ ಗುಮಾಸ್ತ ಕೇಸಿನ ನಂಬರು ನೋಡಿದ. “ನೀವು ಈ ಕೇಸಿನ್ಯಾಗ ಇದ್ದೀರೇನು? ಇದ್ದವರಿಗೆ ಸೀದಾ ಅರ್ಜಿ ಕೊಟ್ಟರ ನಕಲು ಸಿಗತದ. ಹೊರಗಿನವರಾದ್ರ ಯಾಕ ಬೇಕು ಅಂತ ಕಾರಣ ಬರೀಬೇಕು, ಪ್ರಮಾಣಪತ್ರ ಹಚ್ಚಬೇಕು. ನಿಮ್ಮ ಹೆಸರು?”

“ಸುಜಾತಾರಿ.”

“ವರ್ಷಾ ನಿಮಗ ಏನಾಗಬೇಕು?”

ಅಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಅಕ್ಕನೇ, ತಂಗಿಯೇ, ಸತ್ತುಹೋದ ಗೆಳತಿಯೇ? ಹಿಂದೆ ನಿಂತ ಮಂದಿ ಗೊಣಗತೊಡಗಿದರು.

“ಭಾಳ ಹತ್ತಿರದಾಕಿರಿ,” ಎಂದಳು.

“ಹತ್ತಿರದಾಕಿ ಅಂದ್ರ ನಾ ಏನಂತ ಬರಕೊಳ್ಳಲಿ ತಾಯಿ?”

ಸಾಲಿನಲ್ಲಿ ಹಿಂದೆಯೇ ನಿಂತಿದ್ದ ಕರಿ ಕೋಟಿನ ಹುಡುಗಿಯೊಬ್ಬಳು ಸುಜಾತಾಳ ಮೊಳಕೈ ಹಿಡಿದು ಹೊರಗೆ ಕರೆತಂದಳು. ಬೇವಿನ ಗಿಡದ ಕೆಳಗೆ ನಿಲ್ಲಿಸಿ ಮೆಲ್ಲಗೆ ಕೇಳಿದಳು. “ನಾ ಪೂನಂ ಅಂತ, ಇಲ್ಲೇ ವಕೀಲಿಕಿ ಮಾಡ್ತೇನ್ರಿ. ಖರೆ ಹೇಳ್ರಿ ಅಕ್ಕಾ, ವರ್ಷಾ ನೀವೇ ಅಲ್ಲೇನು?”

ಸುಜಾತಾ ಅತ್ತುಬಿಟ್ಟಳು. ಹೆದರಿಕೆಗೋ, ಆ ಹೆಸರು ಹಿಡಿದು ಒಬ್ಬರು ಕೇಳಿದರೆಂಬ ಸಂಕಟಕ್ಕೋ ಅವಳಿಗೇ ತಿಳಿಯಲಿಲ್ಲ. ಪೂನಂ ಅವಳ ಕಡೆಯಿಂದ ವಕಾಲತ್ತು ಹಾಕಿ ತಾನೇ ನಕಲಿಗೆ ಅರ್ಜಿ ಕೊಟ್ಟಳು.

ನಕಲು ಕೈಗೆ ಬಂದ ದಿನ ಇಬ್ಬರೂ ಅದೇ ಬೇವಿನ ಕೆಳಗೆ ಕೂತು ಓದಿದರು. ಪಂಚರ ರಾಜಿ ಕೋರ್ಟಿನ ತನಕ ಬಂದದ್ದು ಹೀಗೆ: ಕಸ್ತೂರಿಬಾಯಿ ಸಾಕ್ಷಿ ಕಟ್ಟೆಯಲ್ಲಿ ನಿಂತು, ‘ಇವರಲ್ಲಿ ಯಾರು ಹೊಡೆದರೋ ನನಗೆ ಗುರುತಿಲ್ಲ’ ಎಂದಿದ್ದಳು. ನಾಲ್ಕು ಮಂದಿ ಬಿಡುಗಡೆಯಾಗಿ ಮನೆಗೆ ಹೋದರು. ಐದನೆಯವಳು ಹಾಜರಾಗಿರಲಿಲ್ಲ, ಅವಳ ಕೇಸನ್ನು ಬೇರೆ ಮಾಡಿ ಇಟ್ಟರು. ಅವಳಿಗಾಗಿ ಪೇದೆಯೊಬ್ಬ ಬೇಮಳಖೇಡದಲ್ಲಿ ಗಂಡನ ಮನೆಯ ವಿಳಾಸ ಕೇಳಿಕೊಂಡು ಮಂಠಾಳದ ತನಕ ಹೋಗಿ ಬಂದಿದ್ದ. ಅವನ ವರದಿ ಚಿಕ್ಕದು. ಸತೀಶಕುಮಾರ ಎಂಬವರ ಮನೆಯಲ್ಲಿ ವಿಚಾರಿಸಲಾಗಿ, ಅವರ ತಾಯಿ ಜಿಜಾಬಾಯಿ ಎಂಬವರು ತಮ್ಮ ಮನೆಯಲ್ಲಿ ವರ್ಷಾ ಎಂಬ ಹೆಸರಿನವರು ಯಾರೂ ಇರುವುದಿಲ್ಲವೆಂದು ತಿಳಿಸಿರುತ್ತಾರೆ. ಆರೋಪಿ ಪತ್ತೆಯಾಗಿಲ್ಲ. ಕೆಳಗೆ ಅತ್ತೆಯ ಹೆಬ್ಬೆಟ್ಟು.

ಆ ಹೆಬ್ಬೆಟ್ಟನ್ನು ನೋಡಿದಾಗ ಸುಜಾತಾಳಿಗೆ ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಏರುತ್ತಲೇ ಹೋಯಿತು. ರಾಜೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಕಟ್ಟಿ ಬಸ್ಸು ನಿಂತಾಗ, ಇಳಿದು ನಡೆದೇ ಹೋಗಿಬಿಡಲೇ ಎನ್ನಿಸಿತು. ಮುದುಕಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದಳು, ಸೊಸೆಯ ಕುತ್ತಿಗೆಗೆ ಹಗ್ಗ ಬಿದ್ದರೂ ಮನೆಯ ಮರ್ಯಾದೆ ಉಳಿಯಲಿ ಎಂದುಕೊಂಡಿದ್ದಳು. ಹೀಗೆ ಸಾಲಾಗಿ ಬೈಗುಳ ಜೋಡಿಸಿಕೊಂಡೇ ಮನೆ ಮುಟ್ಟಿದಳು.

ಜಿಜಾಬಾಯಿ ಅಂಗಳದಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಕೇರುತ್ತಿದ್ದಳು.

“ಅತ್ತಿ, ಹಿಂದ ಯಾವಾಗರ ನಮ್ಮ ಮನಿಗಿ ಪೊಲೀಸಿನಂವ ಬಂದಿದ್ದನೇನ್ರಿ?”

“ಬಂದಿದ್ದ, ಬಂದಿದ್ದ. ಭಾಳ ದಿನ ಆತು. ಒಳ್ಳೆ ಮನಷಾ ಅಂವ, ಬಿಸಲಾಗ ಬಂದು ನೀರು ಕೇಳಿದ. ವರ್ಷಾ ಅಂತ ಯಾರೋ ಬೇಕಾಗಿದ್ದಳಂತ. ಯಾವ ವರ್ಷಾ ಯಪ್ಪಾ, ನಮ್ಮ ಮನ್ಯಾಗ ಅಂಥಾಕಿ ಯಾರೂ ಇಲ್ಲಲಾ ಅಂದೆ. ಹೆಬ್ಬಟ್ಟ ಒತ್ತಿಸಿಕೊಂಡು ಹೋದ.”

ಅವಳ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಮೊರ ಒಂದೇ ಸಮ ಆಡುತ್ತಿತ್ತು.

“ನೀರು ಯಾರು ಕೊಟ್ಟರ್ರಿ ಅವಗ?”

“ಯಾರ್ ಕೊಡ್ತಾರ? ನೀನೇ ತಂದು ಕೊಟ್ಟಿ. ಬೆಲ್ಲ ಭೀ ಕೊಟ್ಟಿ.”

ಸುಜಾತಾ ಕಟ್ಟೆಯ ಮೇಲೆ ಕೂತುಬಿಟ್ಟಳು. ತನ್ನನ್ನು ಹಿಡಿಯಲು ಬಂದವನಿಗೆ ತಾನೇ ನೀರು ಬೆಲ್ಲ ಕೊಟ್ಟು ಒಳಗೆ ಹೋಗಿದ್ದಳು. ಅವನೂ ಅವಳ ಮುಖ ನೋಡಿಯೇ ತಂಬಿಗೆ ಇಸಿದುಕೊಂಡಿದ್ದ.

“ಅತ್ತಿ, ವರ್ಷಾ ನಾನೇ ಅಲ್ಲೇನ್ರಿ?”

ಮೊರ ನಿಂತಿತು. “ನೀ ಸುಜಾತಾ ಅಲಾ?”

“ಅಕ್ಕಿಯೊಳಗ ಬರಸಿದವರು ನೀವೇ. ಅದರಕಿಂತ ಮೊದಲ ನಾ ಯಾರಿದ್ದೆ?”

ಜಿಜಾಬಾಯಿ ನಿಜವಾಗಿಯೂ ಮರೆತಿದ್ದಳು. ನಾಟಕವಲ್ಲ, ಕಪಟವಲ್ಲ, ಆ ಹೆಸರು ಅವಳ ತಲೆಯಿಂದ ಪೂರ್ತಿ ತೊಳೆದುಹೋಗಿತ್ತು. ಮೊರದೊಳಗಿನ ತೊಗರಿಯನ್ನು ಕೈಯಿಂದ ಸವರುತ್ತ, “ನಂಗ ಭೀ ಒಂದು ಇತ್ತು,” ಎಂದಳು. “ತವರಮನ್ಯಾಗ ಕರೀತಿದ್ರು. ಏನಂತಿದ್ರು... ನಿಲ್ಲು, ನೆನಪು ಮಾಡ್ಕೋತೇನಿ.” ಕತ್ತಲಾಗುವ ತನಕ ಮುದುಕಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೆಯೇ ಕೂತಿದ್ದಳು.

ಸತೀಶಕುಮಾರ ಮನೆಗೆ ಬಂದಾಗ ಸುಜಾತಾ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆದರಿ ಬೆವೆತುಹೋದ. “ನೋಡು, ನೀ ಸುಜಾತಾ ಆಗಿನೇ ಇರು. ಅವರು ವರ್ಷಾನ್ನ ಹುಡಕೋತ ಇರಲಿ, ಸಾಯೂತನಕ ಸಿಗಂಗಿಲ್ಲ. ಆ ಮಾರ್ಕ್ಸ್ ಕಾರ್ಡ್ ತಿರುಗಿ ಟ್ರಂಕಿನ್ಯಾಗ ಒಗಿ. ಹಾಸ್ಟೆಲ್ ನೌಕರಿ ಇಲ್ಲಾಂದ್ರ ನಾವೇನ್ ಉಪವಾಸ ಬೀಳ್ತೀವೇನು?”

ಮಾತು ತಪ್ಪೇನಿರಲಿಲ್ಲ. ಮಾರ್ಕ್ಸ್ ಕಾರ್ಡು ಒಂದನ್ನು ಮುಚ್ಚಿಟ್ಟರೆ ಲೋಕದ ಯಾವ ಪೊಲೀಸನೂ ಅವಳ ಬಾಗಿಲಿಗೆ ಬರುವುದಿಲ್ಲ. ಬಂದರೂ ನೀರು ಕುಡಿದು ಹೋಗುತ್ತಾನೆ. ನಾಳೆಯಿಂದ ಮತ್ತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ. ಸುಜಾತಾ ಮಲಗಿದಳು, ಎದ್ದಳು, ನೀರು ಕುಡಿದಳು, ಮತ್ತೆ ಮಲಗಿದಳು. ಬೆಳಿಗ್ಗೆ ಅವನು ಟ್ರ್ಯಾಕ್ಟರ್ ಹತ್ತುವಾಗ ಬಾಗಿಲಲ್ಲಿ ನಿಂತು ಹೇಳಿದಳು.

“ಮಾರ್ಕ್ಸ್ ವರ್ಷಾಂದು, ಅದರಿಂದ ಬಂದ ನೌಕರಿ ಭೀ ಆಕಿದು. ನೌಕರಿ ತಗೊಂಡು ಕೇಸು ಬಿಡಾಕ ಬರಂಗಿಲ್ಲರಿ. ನಾ ಹೋಗಿ ಹಾಜರಾಗ್ತೇನಿ.”

ಅವನು ಟ್ರ್ಯಾಕ್ಟರ್ ಚಾಲು ಮಾಡಿದ. “ಜಾಮೀನಿಗಿ ನಾ ಬರ್ತೇನಿ,” ಎಂದು ಅಷ್ಟೇ ಹೇಳಿ ಹೋದ.

ಆದರೆ ಹಾಜರಾಗುವುದೂ ಸುಲಭವಿರಲಿಲ್ಲ. ಲೋಕ್ ಅದಾಲತ್ತಿನ ದಿನ ಇಡಿಸಿದರೆ ವಾರಂಟನ್ನೂ ರದ್ದು ಮಾಡಿಸಿ, ರಾಜಿಯಲ್ಲಿ ಕೇಸನ್ನೂ ಮುಗಿಸಬಹುದು ಎಂದು ಪೂನಂ ಫೋನಿನಲ್ಲಿ ಹೇಳಿದಳು. “ಆದ್ರ ಎರಡು ಕೆಲಸ ಅದಾವ್ರಿ ಅಕ್ಕಾ. ನೀವೇ ಆ ವರ್ಷಾ ಅಂತ ಹೇಳಾವ್ರು ಒಬ್ಬರು ಬೇಕು, ಮಾರ್ಕ್ಸ್ ಕಾರ್ಡಿನ್ಯಾಗ ಫೋಟೋ ಇಲ್ಲ. ಮತ್ತ ರಾಜಿ ಆಗ್ಬೇಕಂದ್ರ ಪೆಟ್ಟು ತಿಂದಾಕಿ ಒಪ್ಪಬೇಕು.”

ಅಪ್ಪ ಅವ್ವ ಇಬ್ಬರೂ ತೀರಿಹೋಗಿದ್ದರು. ಅಣ್ಣತಮ್ಮಂದಿರು ಇರಲಿಲ್ಲ. ಬೋರಿಂಗಿನ ಹತ್ತಿರ ಜೊತೆಗಿದ್ದ ಗೆಳತಿಯರು ಜಹೀರಾಬಾದಿಗೆ, ಉದಗೀರಿಗೆ ಮದುವೆಯಾಗಿ ಹೋಗಿದ್ದರು. ಈಗ ಅವರ ಹೆಸರು ಏನಿದೆಯೋ ಯಾರಿಗೆ ಗೊತ್ತು. ಸುಜಾತಾ ಒಬ್ಬೊಬ್ಬರನ್ನೇ ಎಣಿಸುತ್ತ ಹೋದಳು. ಎರಡೂ ಕೆಲಸಕ್ಕೆ ಕೊನೆಗೆ ಉಳಿದವಳು ಒಬ್ಬಳೇ, ಕಸ್ತೂರಿಬಾಯಿ.

ಬೇಮಳಖೇಡದ ಬಸ್ಸು ಇಳಿದಾಗ ಮಧ್ಯಾಹ್ನದ ಬಿಸಿಲು. ಬೋರಿಂಗು ಇದ್ದ ಜಾಗದಲ್ಲಿ ಈಗ ನೀರಿನ ಟಾಕಿ ಇತ್ತು. ಓಣಿಯಲ್ಲಿ ಅವಳನ್ನು ಯಾರೂ ಗುರುತು ಹಿಡಿಯಲಿಲ್ಲ, ಯಾವ ಮನೆಗೆ ಬಂದಿರಿ ಎಂದು ಒಬ್ಬ ಹುಡುಗಿ ಕೇಳಿದಳು. ಕಸ್ತೂರಿಬಾಯಿಯ ಬಾಗಿಲ ತನಕ ಹೋಗಿ ಎರಡು ಸಲ ತಿರುಗಿ ನಿಂತಳು. ಕೈಯಲ್ಲಿದ್ದ ಸಕ್ಕರೆ ಪುಡಿಕೆಯ ಕಾಗದ ಬೆವರಿಗೆ ಒದ್ದೆಯಾಗಿತ್ತು. ಕಸ್ತೂರಿಬಾಯಿ ಒಳಗಿನಿಂದಲೇ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ತಲೆ ಪೂರ್ತಿ ನೆರೆತಿತ್ತು. ಎಡ ಹುಬ್ಬಿನ ಮೇಲೆ ಬಿಳಿಯ ಗೆರೆ.

“ಯಾರು? ವರ್ಷಾ?”

ಒಂದು ಹೆಸರನ್ನು ಹೇಳಿಸಿಕೊಳ್ಳಲು ಯಾವ ಯಾವ ಬಾಗಿಲಿಗೆ ಅಲೆದಿದ್ದಳು! ಇಲ್ಲಿ ಅದು ಕೇಳದೆಯೇ ಬಂತು. ಸುಜಾತಾ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು.

“ಕಾಕು, ತಪ್ಪಾತ್ರಿ.”

“ಈಗ ನೆನಪಾತೇನು?” ಮುದುಕಿಯ ದನಿ ಗಡುಸಾಗಿಯೇ ಇತ್ತು. “ಗಂಡಸರು ಕೂಡಿದ್ರು, ಚಹಾ ಕುಡದ್ರು, ರಾಜಿ ಆತು ಅಂದ್ರು. ಹಣಿ ಒಡದದ್ದು ಯಾರದು? ನಂದು. ಒಡದಾಕಿ ಯಾರು? ನೀ. ನಮ್ಮಿಬ್ಬರನ್ನ ಯಾರರ ಕೇಳಿದ್ರೇನು? ಕೋರ್ಟಿಗಿ ಹೋಗಿ ಯಾರ ಗುರುತೂ ಇಲ್ಲ ಅನ್ನು ಅಂದ್ರು, ಅಂದೆ. ಸುಳ್ಳ ಹೇಳಿ ಬಂದೆ. ನೀ ಒಂದು ದಿನ ಬರ್ತಿ, ಬಂದು ಕಾಕು ಅಂತಿ ಅಂತ ನೋಡಿದೆ ನಾ. ನಿಮ್ಮಪ್ಪನ ಮಾತು ತಗದದ್ದು ನಂದು ಭೀ ತಪ್ಪಿತ್ತು. ಅದನ್ನ ಹೇಳಾಕ ನೀ ಇರಲೇ ಇಲ್ಲ.”

ಸುಜಾತಾ ನೌಕರಿಯ ಮಾತು, ಕೇಸಿನ ಮಾತು, ಅದಾಲತ್ತಿನ ದಿನ ಎಲ್ಲ ಹೇಳಿದಳು. ಕಸ್ತೂರಿಬಾಯಿ ಸಕ್ಕರೆ ಪುಡಿಕೆಯನ್ನು ಎತ್ತಿಟ್ಟುಕೊಂಡಳು. “ಬರ್ತೇನಿ. ಏನ್ ಹೇಳೂದದ, ಅಲ್ಲೇ ಹೇಳ್ತೇನಿ.”

ಆ ಮಾತು ಸುಜಾತಾಳ ಜೀವ ಹಿಂಡಿತು. ಅದಾಲತ್ತಿನ ದಿನ ಬರುವ ತನಕ ಅದನ್ನೇ ತಿರುವಿ ತಿರುವಿ ನೋಡಿದಳು. ಬರುತ್ತಾಳೆ ಎಂದರೆ ಒಪ್ಪುತ್ತಾಳೆ ಎಂದೇ? ಇಲ್ಲ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಜಡ್ಜಿನ ಮುಂದೆ ಕಾರುತ್ತಾಳೆಯೇ? ಹಾಸ್ಟೆಲಿನ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಕೇಸು ಮುಗಿದ ಕಾಗದ ತಂದರೆ ಸೇರಿಸಿಕೊಳ್ಳುತ್ತೇನೆ, ತಿಂಗಳ ಕೊನೆಯ ತನಕ ಕಾಯುತ್ತೇನೆ, ಆಮೇಲೆ ಇನ್ನೊಬ್ಬರನ್ನು ನೋಡಬೇಕಾಗುತ್ತದೆ ಎಂದಿದ್ದರು. ಇನ್ನು ಹೋಗುವುದಾದರೆ ನೌಕರಿಯೂ ಹೋಗುತ್ತದೆ, ಬರುವುದಾದರೆ ಜೈಲೂ ಬರಬಹುದು.

ಅದಾಲತ್ತಿನ ದಿನ ಹುಮನಾಬಾದಿನ ಕೋರ್ಟು ಸಂತೆಯಾಗಿತ್ತು. ವರಾಂಡದ ಬೆಂಚಿನ ಮೇಲೆ ಸುಜಾತಾ, ಪಕ್ಕದಲ್ಲಿ ಕಸ್ತೂರಿಬಾಯಿ, ಅದರಾಚೆ ಸತೀಶಕುಮಾರ. ಮುದುಕಿ ಬಂದದ್ದು ಬಂದಿದ್ದಳು, ಒಳಗೆ ಏನು ಹೇಳುತ್ತಾಳೆಂಬುದನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಸುಜಾತಾ ಚೀಲದ ಝಿಪ್ಪು ತೆರೆದು ಕಾಗದಗಳನ್ನು ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಹೆಸರುಗಳನ್ನು ಕೂಗುತ್ತಿದ್ದ. ಯಾರೋ ಎದ್ದು ಹೋಗುತ್ತಿದ್ದರು, ಯಾರೋ ಬರುತ್ತಿದ್ದರು.

“ವರ್ಷಾ, ತಂದೆ ಬಸವಣಪ್ಪ!”

ಸುಜಾತಾ ಚೀಲದಲ್ಲಿ ಆಧಾರು ಹುಡುಕುತ್ತಿದ್ದಳು.

“ವರ್ಷಾ, ತಂದೆ ಬಸವಣಪ್ಪ, ಹಾಜರ್!”

ಪಕ್ಕೆಗೆ ಒಂದು ಮೊಳಕೈ ಬಲವಾಗಿ ತಿವಿಯಿತು. “ಏಳ. ನಿನ್ನೇ ಕರಿಯಾಕತ್ತಾನ.”

ಒಳಗೆ ಜಡ್ಜ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಪೂನಂ ಮದುವೆಯ ಮಾತು, ಅಕ್ಕಿಯ ಮಾತು, ಹೆಸರು ಬದಲಾದ ಮಾತು ಹೇಳಿದಳು. ಸಾಹೇಬರು ವಾರಂಟು ರದ್ದು ಮಾಡಿ ಸಣ್ಣದೊಂದು ದಂಡ ಹಾಕಿದರು. ಆಮೇಲೆ ಹಳೆಯ ಕಡತ ತಿರುವಿ ಕಸ್ತೂರಿಬಾಯಿಯ ಕಡೆಗೆ ತಿರುಗಿದರು.

“ನೀವು ಹಿಂದೆ ಸಾಕ್ಷಿ ಹೇಳುವಾಗ ಯಾರನ್ನೂ ಗುರುತು ಹಿಡಿಯಲಿಲ್ಲ. ಈಗ ಈಕೆಯನ್ನು ಗುರುತು ಹಿಡಿಯುತ್ತೀರಾ?”

ಗುರುತಿಲ್ಲ ಎಂದರೆ ಅವಳು ವರ್ಷಾಳೇ ಅಲ್ಲ, ಕೇಸು ಹಾಗೆಯೇ ಉಳಿಯುತ್ತದೆ. ಗುರುತಿದೆ ಎಂದು ಅಷ್ಟಕ್ಕೇ ನಿಂತರೆ ಹೊಡೆದವಳು ಇವಳೇ ಎಂದಾಗುತ್ತದೆ.

“ಹಿಡೀತೇನ್ರಿ ಸಾಹೇಬ್ರ,” ಎಂದಳು ಕಸ್ತೂರಿಬಾಯಿ. ಸೆರಗು ಸರಿಸಿ ಹುಬ್ಬಿನ ಮೇಲಿನ ಗೆರೆ ತೋರಿಸಿದಳು. “ಇಕಿನೇ ವರ್ಷಾ. ಇದು ಇಕಿನೇ ಮಾಡಿದ್ದು.”

ಸತೀಶಕುಮಾರ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ನನ್ನ ಮನೀತನಕ ಬಂದು ಕಾಕು ಅಂದಾಳ್ರಿ. ಮುಗೀತು. ಹೋದ ಸಲ ಮಂದಿ ರಾಜಿ ಮಾಡಿದ್ರು, ಈ ಸಲ ನಾವಿಬ್ಬರೇ ಮಾಡ್ಕೊಂಡೀವಿ. ಬರಕೊಳ್ರಿ.”

ಸಾಹೇಬರು ಬರೆದುಕೊಂಡರು. ರಾಜಿಯ ಕಾಗದದ ಮೇಲೆ ಕಸ್ತೂರಿಬಾಯಿ ಹೆಬ್ಬೆಟ್ಟು ಒತ್ತಿದಳು. ಸುಜಾತಾ ಪೆನ್ನು ಹಿಡಿದು ತಡವರಿಸಿದಳು, ಕೈ ರೂಢಿಯಿಂದ ಸು ಎಂದು ಬರೆಯಲು ಹೊರಟಿತ್ತು. ಅದನ್ನು ತಡೆದು, ಹತ್ತನೆಯ ತರಗತಿಯಲ್ಲಿ ಬರೆಯುತ್ತಿದ್ದ ಹಾಗೆ ದುಂಡಗೆ ವರ್ಷಾ ಎಂದು ಬರೆದಳು.

ಆದೇಶದ ನಕಲು ಸೋಮವಾರ ಸಿಗುತ್ತದೆ, ಅದನ್ನು ಹಚ್ಚಿ ಅರ್ಜಿ ಕಳಿಸಿದರೆ ಸಾಕು, ಆ ಖಾನೆಯಲ್ಲಿ ಹಳೆಯ ಹೆಸರನ್ನೂ ತುಂಬಿಸಿರಿ ಎಂದು ಪೂನಂ ಹೇಳಿದಳು. ಸುಜಾತಾ ತಲೆಯಾಡಿಸಿದಳು. ತಿಂಗಳು ಮುಗಿಯಲು ಇನ್ನೂ ದಿನಗಳಿದ್ದವು. ಅವಳಿಗೆ ಒಮ್ಮೆಲೇ ಹಸಿವಾಯಿತು. ಸತೀಶಕುಮಾರ ಮೂವರಿಗೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿಯ ಸೂಸಲಾ, ಚಹಾ ಹೇಳಿದ. ಕಸ್ತೂರಿಬಾಯಿ ಚಹಾವನ್ನು ಸಾಸರಿಗೆ ಸುರಿದುಕೊಂಡು ಸದ್ದು ಮಾಡುತ್ತ ಕುಡಿದಳು.

ಚಿಟಗುಪ್ಪದ ಮೇಲೆ ಹೋಗುವ ಬೇಮಳಖೇಡದ ಬಸ್ಸು ಬಂದು ನಿಂತಿತು. ಸುಜಾತಾ ಮುದುಕಿಯ ಕೈ ಹಿಡಿದು ಹತ್ತಿಸಿದಳು, ಕಿಟಕಿಯ ಸೀಟು ಹಿಡಿದುಕೊಟ್ಟು ಕೆಳಗಿಳಿದು ನಿಂತಳು. ಕಂಡಕ್ಟರು ಸೀಟಿ ಊದಿದ ಮೇಲೆ ಕಸ್ತೂರಿಬಾಯಿ ಕಿಟಕಿಯಿಂದ ಬಗ್ಗಿದಳು.

“ನೌಕರಿ ಸೇರಿದ ಮ್ಯಾಲ ಒಮ್ಮೆ ಊರಿಗಿ ಬಾ. ನಿನ್ನ ಆ ಹೆಸರು ಹಿಡದು ಕರಿಯಾಕಿ ಅಲ್ಲಿ ನಾ ಒಬ್ಬಾಕಿನೇ ಉಳದೇನಿ.”

“ಬರ್ತೇನ್ರಿ ಕಾಕು,” ಎಂದಳು ವರ್ಷಾ.